ಕಾರ್ಗಿ ಮನೆಗೆ ಬರುವ ಮುನ್ನ

ಹಿಂದೆ ನಮ್ಮ ಹಳ್ಳಿಗಳಲ್ಲಿ ನಾಯಿಯನ್ನು ಯಾರೂ ಹಣ ಕೊಟ್ಟು ತರುತ್ತಿರಲಿಲ್ಲ. ಊರ ನಾಯಿ ಮರಿ ಹಾಕಿದಾಗ ಗಟ್ಟಿಮುಟ್ಟಾದ ಒಂದನ್ನು ಆರಿಸಿ ತಂದು, ರೊಟ್ಟಿ ಮಜ್ಜಿಗೆ ಹಾಕಿ ಬೆಳೆಸುತ್ತಿದ್ದರು. ಅದು ದನದ ಕೊಟ್ಟಿಗೆಯನ್ನೂ ಹೊಲದ ಗುಡಿಸಲನ್ನೂ ಕಾಯುತ್ತಿತ್ತು. ಮನೆಯವರು ಹೊತ್ತು ಹೊತ್ತಿಗೆ ಅದರ ಹೊಟ್ಟೆ ನೋಡಿಕೊಳ್ಳುತ್ತಿದ್ದರು. ಎರಡು ಕಡೆಯ ಋಣವೂ ಹೀಗೆ ಸಂದುಹೋಗುತ್ತಿತ್ತು. ಇಂದಿನ ದಿನಮಾನಗಳಲ್ಲಿ ಸಂಗತಿ ಬೇರೆಯಾಗಿದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಬಹುಮಹಡಿ ಕಟ್ಟಡಗಳಲ್ಲಿ ಬೆಳೆಯುತ್ತಿರುವ ನಮ್ಮ ಮೊಮ್ಮಕ್ಕಳು ಮೊಬೈಲಿನ ಚಿತ್ರಗಳಲ್ಲಿ ಕಂಡ ವಿದೇಶೀ ತಳಿಗಳಿಗೆ ಮನಸೋಲುತ್ತಿದ್ದಾರೆ. ಅವುಗಳಲ್ಲಿ ಈಚೆಗೆ ಕೇಳಿಬರುವ ಒಂದು ಹೆಸರು ಕಾರ್ಗಿ. ನರಿಯಂತಹ ಮುಖ, ನೆಟ್ಟಗೆ ನಿಂತ ಕಿವಿಗಳು, ಉದ್ದನೆಯ ಮೈ, ಗೇಣುದ್ದವೂ ಇಲ್ಲದ ಕಾಲುಗಳು. ಕಂಡವರಿಗೆ ಅದು ಒಂದು ಆಟಿಕೆಯಂತೆ ತೋರುತ್ತದೆ. ಅಂಗಡಿಗೆ ಹೋಗಿ ಆಟಿಕೆಯನ್ನು ತರುವಷ್ಟೇ ಸುಲಭವಾಗಿ ಅದನ್ನು ತಂದುಬಿಡುವ ಮನೆಗಳೂ ಇವೆ.

ಈ ವಿಷಯವನ್ನು ಕುರಿತು ಬರೆಯಲು ನಮಗೊಂದು ಕಾರಣವಿದೆ. ಧಾರವಾಡದ ನಮ್ಮ ಮನೆಯಲ್ಲಿ ಮೂರು ವರ್ಷಗಳಿಂದ ಒಂದು ಕಾರ್ಗಿ ಇದೆ. ಅದನ್ನು ನಾವು ಕೊಂಡು ತಂದವರಲ್ಲ. ಅದು ನಮ್ಮಲ್ಲಿಗೆ ಬಂದ ಬಗೆಯನ್ನು ಮುಂದೆ ಹೇಳುತ್ತೇವೆ. ಅದರ ಹಳೆಯ ಹೆಸರು ಇಂಗ್ಲಿಷಿನದು. ನಮ್ಮ ಮೊಮ್ಮಕ್ಕಳು ಅದಕ್ಕೆ ಗುಂಡ ಎಂದು ಹೆಸರಿಟ್ಟಿದ್ದಾರೆ. ಗುಂಡನ ಸಹವಾಸದಿಂದ ನಾವು ಕಲಿತದ್ದನ್ನೂ, ಪಶುವೈದ್ಯರಿಂದ ಕೇಳಿ ತಿಳಿದದ್ದನ್ನೂ, ಓದಿ ಅರಿತದ್ದನ್ನೂ ಇಲ್ಲಿ ಓದುಗ ಬಾಂಧವರ ಮುಂದೆ ಇಡುತ್ತಿದ್ದೇವೆ. ಕಾರ್ಗಿಯನ್ನು ತರಬೇಡಿರೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಅದು ಏನೆಂಬುದನ್ನು ತಿಳಿದು ತನ್ನಿರಿ, ತಿಳಿದ ಮೇಲೆ ತರಲಾಗದೆಂದು ಕಂಡರೆ ನಿಸ್ಸಂಕೋಚವಾಗಿ ಬಿಟ್ಟುಬಿಡಿರಿ ಎಂಬುದಷ್ಟೇ ನಮ್ಮ ಬಿನ್ನಹ.

ಮೊದಲಿಗೆ ಅದರ ತವರನ್ನು ಅರಿಯಬೇಕು. ಬ್ರಿಟನ್ನಿನ ಪಶ್ಚಿಮದಲ್ಲಿ ವೇಲ್ಸ್ ಎಂಬ ನಾಡಿದೆ. ಬೆಟ್ಟಗುಡ್ಡಗಳ, ಹಸಿರು ಹುಲ್ಲುಗಾವಲುಗಳ, ತಂಪು ಮಳೆಯ ನಾಡು. ಅಲ್ಲಿಯ ಭಾಷೆಯಲ್ಲಿ 'ಕಾರ್' ಎಂದರೆ ಕುಳ್ಳ, 'ಗಿ' ಎಂದರೆ ನಾಯಿ. ಎರಡೂ ಸೇರಿ ಕುಳ್ಳನಾಯಿ ಎಂದಾಯಿತು. ಅಲ್ಲಿಯ ರೈತರು ದನಗಳನ್ನು ಹುಲ್ಲುಗಾವಲಿಗೆ ಅಟ್ಟಲು, ಮರಳಿ ತರಲು, ದೂರದ ಸಂತೆಗಳಿಗೆ ಹೊಡೆದುಕೊಂಡು ಹೋಗಲು ಈ ನಾಯಿಯನ್ನು ಬಳಸುತ್ತಿದ್ದರು. ನಡೆಯಲೊಲ್ಲದ ದನದ ಹಿಂಗಾಲಿನ ಹಿಮ್ಮಡಿಯನ್ನು ಅದು ಮೆಲ್ಲನೆ ಕಚ್ಚಿ ಎಬ್ಬಿಸುತ್ತಿತ್ತು. ದನ ಸಿಟ್ಟಿನಿಂದ ಒದ್ದರೆ ಗೊರಸು ನಾಯಿಯ ತಲೆಯ ಮೇಲಿನಿಂದ ಗಾಳಿಯಲ್ಲಿ ಹಾದುಹೋಗುತ್ತಿತ್ತು. ನಾವು ಮುದ್ದೆಂದು ನಗುವ ಆ ಗಿಡ್ಡ ಕಾಲುಗಳು ವೇಲ್ಸಿನ ರೈತನಿಗೆ ಉಪಯುಕ್ತವಾದ ಉಪಕರಣವಾಗಿದ್ದವು. ಅಲ್ಲಿಯ ಜನಪದರು ಈ ನಾಯಿಯ ಬೆನ್ನಿನ ಮೇಲೆ ಕಿನ್ನರಿಯರು ಸವಾರಿ ಮಾಡುತ್ತಾರೆಂದೂ, ಅದರ ಭುಜದ ಬಳಿ ಕೂದಲು ಬೇರೆಯಾಗಿ ಕಾಣುವ ಗುರುತು ಅವರ ಜೀನಿನದೆಂದೂ ಕಥೆ ಕಟ್ಟಿದ್ದಾರೆ.

ಕಾರ್ಗಿಯಲ್ಲಿ ಎರಡು ತಳಿಗಳಿವೆ: ಪೆಂಬ್ರೋಕ್ ಮತ್ತು ಕಾರ್ಡಿಗನ್. ವೇಲ್ಸಿನ ನೈಋತ್ಯ ಭಾಗದ ನೆರೆಹೊರೆಯ ಎರಡು ಜಿಲ್ಲೆಗಳಿಂದ ಬಂದ ಹೆಸರುಗಳಿವು. ಮೊದಲು ಎರಡನ್ನೂ ಒಂದೇ ಎಂದು ಎಣಿಸುತ್ತಿದ್ದರು. 1934ರಲ್ಲಿ ಬ್ರಿಟನ್ನಿನ ಕೆನಲ್ ಕ್ಲಬ್ ಇವೆರಡನ್ನೂ ಪ್ರತ್ಯೇಕ ತಳಿಗಳೆಂದು ಮಾನ್ಯ ಮಾಡಿತು. ಕಾರ್ಡಿಗನ್ನಿಗೆ ನರಿಯಂತೆ ಉದ್ದವಾದ ಪೊದೆಬಾಲ, ದುಂಡನೆಯ ದೊಡ್ಡ ಕಿವಿಗಳು, ತುಸು ಭಾರವಾದ ಮೈ. ಪೆಂಬ್ರೋಕ್ ಸ್ವಲ್ಪ ಚಿಕ್ಕದು. ಅದರ ಬಾಲ ಕೆಲವು ಮರಿಗಳಲ್ಲಿ ಹುಟ್ಟಿನಿಂದಲೇ ಮೋಟಾಗಿರುತ್ತದೆ. ಉಳಿದವುಗಳಿಗೆ ಹುಟ್ಟಿದ ಕೆಲವೇ ದಿನಗಳಲ್ಲಿ ಕತ್ತರಿಸುವ ಪದ್ಧತಿ ಬಹಳ ಕಾಲ ನಡೆದುಬಂದಿತ್ತು. ಕೇವಲ ಅಂದಕ್ಕಾಗಿ ಬಾಲ ಕತ್ತರಿಸುವುದನ್ನು 2007ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಕಾನೂನು ನಿಷೇಧಿಸಿದೆ. ಪೆಂಬ್ರೋಕಿನ ಎತ್ತರ ಭುಜದ ಬಳಿ 10ರಿಂದ 12 ಅಂಗುಲ. ತೂಕ ಸಾಧಾರಣವಾಗಿ 9ರಿಂದ 12 ಕಿಲೋ, ದೊಡ್ಡ ಗಂಡುಗಳಲ್ಲಿ ತುಸು ಹೆಚ್ಚು. ಆಯುಷ್ಯ 12-13 ವರ್ಷ. ಈ ಕೊನೆಯ ಅಂಕಿಯನ್ನು ಓದುಗರು ನೆನಪಿನಲ್ಲಿ ಇರಿಸಿಕೊಳ್ಳಬೇಕೆಂದು ಕೋರುತ್ತೇವೆ.

ಹಟ್ಟಿಯ ನಾಯಿಗೆ ಜಗತ್ಪ್ರಸಿದ್ಧಿ ತಂದುಕೊಟ್ಟದ್ದು ಬ್ರಿಟನ್ನಿನ ಅರಮನೆ. 1933ರಲ್ಲಿ ಆಗಿನ ಯಾರ್ಕಿನ ಡ್ಯೂಕ್, ಅಂದರೆ ಮುಂದೆ ಆರನೆಯ ಜಾರ್ಜ್ ಎನಿಸಿದವರು, ಡೂಕಿ ಎಂಬ ಪೆಂಬ್ರೋಕ್ ಮರಿಯನ್ನು ಮನೆಗೆ ತಂದರು. ಅವರ ಹಿರಿಯ ಮಗಳು ಎಲಿಜಬೆತ್ ಅವರಿಗೆ 1944ರಲ್ಲಿ, ಹದಿನೆಂಟನೆಯ ಹುಟ್ಟುಹಬ್ಬಕ್ಕೆ, ಸೂಸನ್ ಎಂಬ ಕಾರ್ಗಿ ಉಡುಗೊರೆಯಾಗಿ ಬಂದಿತು. ಆ ಒಂದೇ ನಾಯಿಯ ಸಂತತಿಯನ್ನು ರಾಣಿ ತಲೆಮಾರುಗಳವರೆಗೆ ಬೆಳೆಸಿದರು. ಜೀವಮಾನದಲ್ಲಿ ಮೂವತ್ತಕ್ಕೂ ಹೆಚ್ಚು ಕಾರ್ಗಿಗಳನ್ನು ಸಾಕಿದರು. ಆ ವಂಶದ ಕೊನೆಯದಾದ ವಿಲ್ಲೋ 2018ರಲ್ಲಿ ತೀರಿಕೊಂಡಿತು. ವೃದ್ಧಾಪ್ಯದಲ್ಲಿ ರಾಣಿ ಹೊಸ ಮರಿಗಳನ್ನು ಬೆಳೆಸುವುದನ್ನು ನಿಲ್ಲಿಸಿದ್ದರು; ತಮ್ಮ ನಂತರ ಅವು ಅನಾಥವಾಗಬಾರದೆಂಬ ವಿಚಾರ ಅವರಿಗಿತ್ತೆಂದು ಅವರನ್ನು ಬಲ್ಲವರು ಹೇಳಿದ್ದಾರೆ. ಆದರೂ ಕೊನೆಯ ವರ್ಷಗಳಲ್ಲಿ ಕಾಣಿಕೆಯಾಗಿ ಬಂದ ಮರಿಗಳು ಅವರ ಬಳಿ ಇದ್ದವು. 2022ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡಾಗ ಮ್ಯೂಕ್, ಸ್ಯಾಂಡಿ ಎಂಬ ಎರಡು ಕಾರ್ಗಿಗಳು ವಿಂಡ್ಸರ್ ಕೋಟೆಯ ಅಂಗಳದಲ್ಲಿ ನಿಂತು ಕಾದಿದ್ದ ದೃಶ್ಯವನ್ನು ಲೋಕವೇ ನೋಡಿತು. ಮುಂದೆ ಅವುಗಳ ಪಾಲನೆಯನ್ನು ಅವರ ಎರಡನೆಯ ಮಗನ ಕುಟುಂಬ ವಹಿಸಿಕೊಂಡಿತು. ಅರಮನೆಯೇ ಆಗಲಿ ಗುಡಿಸಲೇ ಆಗಲಿ, 'ನಮ್ಮ ನಂತರ ಯಾರು?' ಎಂಬ ಪ್ರಶ್ನೆ ಒಂದೇ.

ರೂಢಿಯ ಚಾಂಚಲ್ಯವನ್ನೂ ಇಲ್ಲಿಯೇ ಗಮನಿಸಬೇಕು. ಇಷ್ಟೊಂದು ಹೆಸರಾದ ಪೆಂಬ್ರೋಕ್ ಕಾರ್ಗಿಯ ಮರಿಗಳು ಬ್ರಿಟನ್ನಿನಲ್ಲಿ 2014ರಲ್ಲಿ ಮುನ್ನೂರೂ ನೋಂದಣಿಯಾಗಲಿಲ್ಲ. ತಳಿ ಅಳಿವಿನಂಚಿನ ಪಟ್ಟಿಗೆ ಸೇರಿತು. 2016ರಲ್ಲಿ ರಾಣಿಯ ಜೀವನವನ್ನು ಆಧರಿಸಿದ 'ದಿ ಕ್ರೌನ್' ಎಂಬ ಧಾರಾವಾಹಿ ಬಂದ ಮೇಲೆ ಬೇಡಿಕೆ ಮತ್ತೆ ಏರಿತು. ಒಂದು ಧಾರಾವಾಹಿಯಿಂದ ಏರಿದ ಪ್ರೀತಿ ಇನ್ನೊಂದು ಧಾರಾವಾಹಿಯಿಂದ ಇಳಿಯಬಾರದೇಕೆ? ಇಳಿದಾಗ ಆ ಜೀವಗಳ ಗತಿ ಏನು?

ಇನ್ನು ಅದರ ಸ್ವಭಾವ. ನಮ್ಮ ಮಾತಿನಲ್ಲಿ ಹೇಳುವುದಾದರೆ ಕಾರ್ಗಿ ಕಾಯಕದ ನಾಯಿ. ಶತಮಾನಗಳ ದುಡಿಮೆಯನ್ನು ಅದು ರಕ್ತದಲ್ಲಿ ಹೊತ್ತು ತಂದಿದೆ. ನಮ್ಮ ಮನೆಯಲ್ಲಿ ದನಗಳಿಲ್ಲ. ಆದುದರಿಂದ ಗುಂಡ ಮೊಮ್ಮಕ್ಕಳನ್ನೇ ಮಂದೆಯೆಂದು ಭಾವಿಸಿದೆ. ಮಕ್ಕಳು ಅಂಗಳದಲ್ಲಿ ಓಡತೊಡಗಿದರೆ ಸಾಕು, ಹಿಂದಿನಿಂದ ಸುತ್ತಿ ಬಂದು ಅವರನ್ನು ಒಂದು ಮೂಲೆಗೆ ಸೇರಿಸಲು ಹವಣಿಸುತ್ತದೆ. ಯಾರಾದರೂ ತಪ್ಪಿಸಿಕೊಂಡರೆ ಹಿಮ್ಮಡಿಗೆ ಬಾಯಿ ಹಾಕುತ್ತದೆ. ಇದು ದುಷ್ಟತನವಲ್ಲ, ಕುಲವೃತ್ತಿ. ಆದರೂ ಐದು ವರ್ಷದ ಕೂಸಿನ ಕಾಲಿಗೆ ಹಲ್ಲು ತಾಗಿದರೆ ತಾಯಿಯ ಎದೆ ನಡುಗದೆ ಇರದು. ಇದನ್ನು ಹೊಡೆದು ಬಿಡಿಸಲಾಗದು. ಮರಿಯಿದ್ದಾಗಿನಿಂದಲೇ 'ನಿಲ್ಲು', 'ಬಾ', 'ಬಿಡು' ಎಂಬ ಮಾತುಗಳನ್ನು ಕಲಿಸಿ, ಮಾತು ಕೇಳಿದಾಗ ತಿನಿಸು ಕೊಟ್ಟು, ಆ ಉತ್ಸಾಹವನ್ನು ಚೆಂಡಿನ ಕಡೆಗೋ ಹುಡುಕಾಟದ ಆಟದ ಕಡೆಗೋ ತಿರುಗಿಸಬೇಕು. ಚಿಕ್ಕ ಮಕ್ಕಳನ್ನೂ ನಾಯಿಯನ್ನೂ ದೊಡ್ಡವರಿಲ್ಲದೆ ಒಂದೇ ಕಡೆ ಬಿಡಲೇಬಾರದು.

ಕಾರ್ಗಿ ಬಹಳ ಬುದ್ಧಿವಂತ. ಬುದ್ಧಿವಂತನಿಗೆ ಕೆಲಸವಿಲ್ಲದಿದ್ದರೆ ಏನಾಗುವುದೆಂದು ನಮ್ಮ ಹಿರಿಯರಿಗೆ ಹೇಳಬೇಕಾಗಿಲ್ಲ. ದಿನಕ್ಕೆ ಒಟ್ಟಿನಲ್ಲಿ ಒಂದು ಗಂಟೆಯಷ್ಟಾದರೂ ನಡಿಗೆ ಮತ್ತು ಆಟ ಬೇಕು. ಅದು ದೊರೆಯದಿದ್ದರೆ ಚಪ್ಪಲಿ, ಸೋಫಾ, ಬಾಗಿಲಿನ ಚೌಕಟ್ಟು ಎಲ್ಲವೂ ಅದರ ಹಲ್ಲಿಗೆ ಈಡಾಗುತ್ತವೆ. ಮೇಲಾಗಿ ಅದರ ಧ್ವನಿ ಮೈಗಿಂತ ದೊಡ್ಡದು. ದನ ಅಟ್ಟುವ ನಾಯಿಗೆ ಬೊಗಳುವುದೂ ಕೆಲಸದ ಭಾಗವೇ ಆಗಿತ್ತು. ಹಾಲಿನವನು ಬಂದರೆ ಒಂದು ಬಗೆ, ಅಂಚೆಯವನಿಗೆ ಇನ್ನೊಂದು ಬಗೆ, ಎದುರುಮನೆಯ ಬೆಕ್ಕಿಗೆ ಮತ್ತೊಂದು ಬಗೆ. ಅಂಗಳವಿರುವ ಮನೆಯಲ್ಲಿ ಇದು ನಡೆದೀತು. ಗೋಡೆಗೆ ಗೋಡೆ ತಾಗಿದ ಬಹುಮಹಡಿ ಮನೆಯಲ್ಲಿ, ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ರಾತ್ರಿ ಎಂಟಕ್ಕೆ ಬರುವಲ್ಲಿ, ಒಂಟಿಯಾಗಿ ಉಳಿದ ಕಾರ್ಗಿಯ ಕೂಗು ನೆರೆಹೊರೆಯ ಬಾಂಧವ್ಯವನ್ನೇ ಕೆಡಿಸೀತು.

ಗೃಹಿಣಿಯರು ಮೊದಲು ಕೇಳಬೇಕಾದ ಪ್ರಶ್ನೆ ಕೂದಲಿನದು. ತಂಪು ನಾಡಿನ ಈ ನಾಯಿಗೆ ಎರಡು ಪದರದ ತುಪ್ಪಳವಿದೆ: ಒಳಗೆ ಮೆತ್ತನೆಯ ಉಣ್ಣೆ, ಹೊರಗೆ ನೀರು ತಡೆಯುವ ಒರಟು ಕೂದಲು. ವರ್ಷವಿಡೀ ಅದು ಉದುರುತ್ತದೆ. ವರ್ಷಕ್ಕೆರಡು ಸಲವಂತೂ ಒಳಪದರವೇ ಕಳಚಿ ಹತ್ತಿಯಂತೆ ಹಾರಾಡುತ್ತದೆ. ಕೂದಲಿಲ್ಲದ ಹೋಳಿಗೆಯ ಕಣಕ ನಮ್ಮ ಮನೆಯಲ್ಲಿ ಈಗ ಭಾಗ್ಯವೆನಿಸಿದೆ. ವಾರಕ್ಕೆ ಮೂರು ನಾಲ್ಕು ಬಾರಿ, ಉದುರುವ ಕಾಲದಲ್ಲಿ ನಿತ್ಯವೂ, ಬಾಚಲೇಬೇಕು. ಮನೆಯಲ್ಲಿ ಉಬ್ಬಸದವರೋ ಅಲರ್ಜಿಯವರೋ ಇದ್ದರೆ ಅವರನ್ನು ಮೊದಲು ಯಾರದಾದರೂ ಕಾರ್ಗಿಯೊಡನೆ ಕೆಲವು ಗಂಟೆ ಇರಿಸಿ ನೋಡುವುದು ಲೇಸು. ಬಿಸಿಲಿಗೆ ಕೂದಲು ಬೋಳಿಸಿದರೆ ತಂಪಾದೀತೆಂದು ಕೆಲವರು ಭಾವಿಸುತ್ತಾರೆ. ಪಶುವೈದ್ಯರು ಅದನ್ನು ಒಪ್ಪುವುದಿಲ್ಲ. ಆ ತುಪ್ಪಳ ಬಿಸಿಲಿನಿಂದ ಚರ್ಮವನ್ನು ಕಾಯುತ್ತದೆ. ಬೋಳಿಸಿದರೆ ಮತ್ತೆ ಮೊದಲಿನಂತೆ ಬೆಳೆಯದೆಯೂ ಇರಬಹುದು.

ಬಿಸಿಲಿನ ಮಾತನ್ನು ಇನ್ನಷ್ಟು ಹೇಳಬೇಕು. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಪಾದಗಳಲ್ಲಿ ಮಾತ್ರ ತುಸು ಬೆವರುತ್ತದೆ. ನಾಲಗೆ ಚಾಚಿ ಏದುಸಿರು ಬಿಡುವುದೊಂದೇ ಮೈ ತಂಪಾಗಿಸಿಕೊಳ್ಳಲು ಅದಕ್ಕಿರುವ ಮುಖ್ಯ ದಾರಿ. ಕಲಬುರಗಿ, ರಾಯಚೂರು, ಬಳ್ಳಾರಿಗಳಲ್ಲಿ ಬೇಸಗೆಯ ಉಷ್ಣತೆ 40 ಡಿಗ್ರಿಯನ್ನು ದಾಟುತ್ತದೆ. ಗಿಡ್ಡ ಕಾಲಿನ ಕಾರ್ಗಿಯ ಹೊಟ್ಟೆ ಕಾದ ನೆಲಕ್ಕೆ ಅಂಗೈಯಷ್ಟು ದೂರದಲ್ಲಿರುತ್ತದೆ. ನಾವು ನಡಿಗೆಯನ್ನು ಸೂರ್ಯೋದಯಕ್ಕೆ ಮುಂಚೆ ಮತ್ತು ಕತ್ತಲಾದ ಮೇಲೆ ಇಟ್ಟುಕೊಂಡಿದ್ದೇವೆ. ಅಂಗೈಯನ್ನು ರಸ್ತೆಯ ಮೇಲೆ ಏಳು ಎಣಿಸುವವರೆಗೆ ಇಡಲಾಗದಿದ್ದರೆ ಆ ರಸ್ತೆ ನಾಯಿಗೂ ತಕ್ಕದ್ದಲ್ಲ. ಜೊಲ್ಲು ಸುರಿಸುತ್ತ ತಡೆಯಿಲ್ಲದೆ ಏದುತ್ತಿದ್ದರೆ, ಹೆಜ್ಜೆ ತಪ್ಪುತ್ತಿದ್ದರೆ ಅದು ಉಷ್ಣಾಘಾತ. ಕೂಡಲೇ ನೆರಳಿಗೆ ತಂದು, ಮೈಗೆ ತಣ್ಣೀರು ಹಾಕಿ, ಗಾಳಿ ಬೀಸುತ್ತ ವೈದ್ಯರಲ್ಲಿಗೆ ಒಯ್ಯಬೇಕು. ಬಿರುಬೇಸಗೆಯ ಊರಿನಲ್ಲಿ, ತಂಪಾದ ಕೋಣೆಯೊಂದನ್ನು ಕಾದಿಡಲಾಗದ ಮನೆಗೆ ಈ ನಾಯಿ ತಕ್ಕದ್ದಲ್ಲವೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ.

ಎಲ್ಲಕ್ಕಿಂತ ಗಂಭೀರವಾದದ್ದು ಬೆನ್ನಿನ ವಿಷಯ. ಆ ಕುಳ್ಳುತನ ನಿಜಕ್ಕೂ ಒಂದು ಬಗೆಯ ವಾಮನತ್ವ. ಅದಕ್ಕೆ ಕಾರಣವಾದ ವಂಶವಾಹಿಯ ಬದಲಾವಣೆಯನ್ನು ವಿಜ್ಞಾನಿಗಳು 2009ರಲ್ಲಿ ಗುರುತಿಸಿದರು. ಉದ್ದನೆಯ ಬೆನ್ನನ್ನು ಗಿಡ್ಡ ಕಾಲುಗಳು ಹೊರಬೇಕಾದುದರಿಂದ, ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆ ಜಾರಿ ನರವನ್ನು ಒತ್ತುವ ಭಯ ಈ ದೇಹರಚನೆಯ ನಾಯಿಗಳಲ್ಲಿ ಹೆಚ್ಚು. ನಮ್ಮ ಇಂದಿನ ಮನೆಗಳ ನುಣುಪಾದ ಗ್ರಾನೈಟ್ ಮತ್ತು ಟೈಲ್ಸ್ ನೆಲ ಇದಕ್ಕೆ ಶತ್ರು. ಕಾಲು ಜಾರಿದಾಗಲೆಲ್ಲ ಬೆನ್ನು ತಿರುಚುತ್ತದೆ. ಗುಂಡ ಓಡಾಡುವ ಹಾದಿಯಲ್ಲೆಲ್ಲ ನಾವು ಹಳೆಯ ಜಮಖಾನೆಗಳನ್ನು ಹಾಸಿದ್ದೇವೆ. ಮಹಡಿಯ ಮೆಟ್ಟಿಲಿಗೆ ಅಡ್ಡಗಟ್ಟಿದ್ದೇವೆ. ಮಂಚದಿಂದ, ಕಾರಿನಿಂದ ಜಿಗಿಯಲು ಬಿಡುವುದಿಲ್ಲ. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ ಇರಬೇಕು. ಮಕ್ಕಳು ಮುಂಗಾಲು ಹಿಡಿದು ಎತ್ತುವುದನ್ನು ಕಡ್ಡಾಯವಾಗಿ ನಿಲ್ಲಿಸಬೇಕು. ಬೆನ್ನು ಬಾಗಿಸಿ ನಿಂತರೆ, ಮುಟ್ಟಿದರೆ ಚೀರಿದರೆ, ಹಿಂಗಾಲು ಎಳೆದರೆ ಒಂದು ದಿನವೂ ಕಾಯದೆ ವೈದ್ಯರನ್ನು ಕಾಣಬೇಕು.

ಬೆನ್ನಿನ ಇನ್ನೊಂದು ಶತ್ರು ನಮ್ಮ ಪ್ರೀತಿಯೇ. ಕಾರ್ಗಿಗೆ ಹೊಟ್ಟೆ ತುಂಬಿತೆಂಬುದು ಗೊತ್ತಾಗುವುದಿಲ್ಲ. ಅದು ಬೇಡುವ ನೋಟಕ್ಕೆ ಕರಗದ ಅಜ್ಜಿಯರಿಲ್ಲ. ನಮ್ಮಲ್ಲಿಗೆ ಬಂದಾಗ ಗುಂಡನ ತೂಕ 16 ಕಿಲೋ ಇತ್ತು. 12 ಕಿಲೋದ ನಾಯಿಗೆ ನಾಲ್ಕು ಕಿಲೋ ಹೆಚ್ಚಾಗುವುದೆಂದರೆ 60 ಕಿಲೋದ ಮನುಷ್ಯ 20 ಕಿಲೋ ಹೊತ್ತು ತಿರುಗಿದಂತೆ. ಅಳೆದು ಹಾಕಿ, ನಡೆಸಿ, ಬೇಡಿದಾಗ ಮುಖ ತಿರುಗಿಸಿ, ಅದನ್ನು ಇಳಿಸಲು ನಮಗೆ ಹತ್ತು ತಿಂಗಳು ಹಿಡಿಯಿತು. ಪಕ್ಕೆಲುಬು ಕಣ್ಣಿಗೆ ಕಾಣದೆ, ಕೈಗೆ ಮಾತ್ರ ಹತ್ತುವಂತಿದ್ದರೆ ತೂಕ ಸರಿಯಿದೆಯೆಂದು ತಿಳಿಯಬಹುದು.

ಅನುವಂಶಿಕವಾಗಿ ಬರುವ ಇನ್ನೊಂದು ಕಾಯಿಲೆಯನ್ನೂ ಹೇಳಬೇಕು. ಬೆನ್ನುಹುರಿ ನಿಧಾನವಾಗಿ ಕ್ಷೀಣಿಸುವ ರೋಗವದು. ಮುಪ್ಪಿನತ್ತ ಸಾಗುವ ಕಾಲದಲ್ಲಿ ಹಿಂಗಾಲಿನ ಉಗುರು ನೆಲಕ್ಕೆ ಉಜ್ಜುವುದರಿಂದ ಆರಂಭವಾಗಿ ಕ್ರಮೇಣ ಹಿಂಗಾಲುಗಳ ಶಕ್ತಿಯೇ ಹೋಗುತ್ತದೆ. ನೋವಿರುವುದಿಲ್ಲ, ಗುಣಪಡಿಸುವ ಔಷಧಿಯೂ ಇಲ್ಲ. ಇದಕ್ಕೆ ಸಂಬಂಧಿಸಿದ ವಂಶವಾಹಿಯ ದೋಷವನ್ನೂ 2009ರಲ್ಲಿಯೇ ಗುರುತಿಸಲಾಯಿತು. ಪೆಂಬ್ರೋಕ್ ಕಾರ್ಗಿಗಳಲ್ಲಿ ಆ ದೋಷ ವ್ಯಾಪಕವಾಗಿದೆ. ದೋಷವಿರುವ ನಾಯಿಗಳೆಲ್ಲವೂ ರೋಗಕ್ಕೆ ತುತ್ತಾಗುವುದಿಲ್ಲ. ಆದರೂ ಮರಿಯ ತಂದೆತಾಯಿಗಳಿಗೆ ಈ ಪರೀಕ್ಷೆಯನ್ನೂ, ಸೊಂಟದ ಕೀಲಿನ ಮತ್ತು ಕಣ್ಣಿನ ಪರೀಕ್ಷೆಯನ್ನೂ ಮಾಡಿಸಿದ್ದಾರೆಯೇ ಎಂದು ಕೇಳುವ ಹಕ್ಕು ಕೊಳ್ಳುವವರಿಗಿದೆ. ಆ ಪ್ರಶ್ನೆಗೆ ಸಿಡುಕುವವರಿಂದ ಮರಿಯನ್ನು ಕೊಳ್ಳದಿರುವುದೇ ಕ್ಷೇಮ.

ನಮ್ಮ ಸಮಾಜದ ಮನೆಗಳು ಬಹುಪಾಲು ಶಾಕಾಹಾರಿ. ಆದುದರಿಂದ ಆಹಾರದ ಪ್ರಶ್ನೆಯನ್ನು ನಾಯಿ ಬರುವ ಮೊದಲೇ ಬಗೆಹರಿಸಿಕೊಳ್ಳಬೇಕು; ಬಂದ ಮೇಲೆ ಅತ್ತೆ ಸೊಸೆಯರ ನಡುವೆ ಅದು ಮನಸ್ತಾಪದ ವಿಷಯವಾಗಬಾರದು. ಬೆಕ್ಕು ಕಟ್ಟಾ ಮಾಂಸಾಹಾರಿ, ನಾಯಿ ಹಾಗಲ್ಲ. ಮನುಷ್ಯನ ಬಳಿ ಸಾವಿರಾರು ವರ್ಷ ಬದುಕಿದ ನಾಯಿಗೆ ಪಿಷ್ಟವನ್ನು ಜೀರ್ಣಿಸುವ ಶಕ್ತಿ ತೋಳಕ್ಕಿಂತ ಹೆಚ್ಚಾಗಿ ಬಂದಿದೆಯೆಂದು 2013ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಸರಿಯಾಗಿ ಸಮತೋಲನಗೊಳಿಸಿದ ಶಾಕಾಹಾರದಲ್ಲಿ ಆರೋಗ್ಯವಂತ ನಾಯಿ ಬಾಳಬಲ್ಲದು. 'ಸಮತೋಲನ' ಎಂಬ ಮಾತಿಗೆ ಇಲ್ಲಿ ತೂಕವಿದೆ. ಬರಿಯ ಮೊಸರನ್ನ, ಹಾಲು ರೊಟ್ಟಿಗಳಿಂದ ಅದಕ್ಕೆ ಸಾಲುವಷ್ಟು ಪ್ರೋಟೀನು, ಸುಣ್ಣದ ಅಂಶ, ಜೀವಸತ್ವಗಳು ಸಿಗುವುದಿಲ್ಲ. ನಮ್ಮ ವೈದ್ಯರು ಸೂಚಿಸಿದ ಸಂಪೂರ್ಣ ಶಾಕಾಹಾರಿ ಒಣ ಆಹಾರವನ್ನು ಅಳೆದು ಹಾಕುತ್ತೇವೆ. ಜೊತೆಗೆ ಸ್ವಲ್ಪ ಪನೀರು, ಬೇಯಿಸಿದ ಕುಂಬಳ, ಗಜ್ಜರಿ, ಒಂದು ಚಮಚ ಮೊಸರು. ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸುತ್ತೇವೆ. ಬೆಳೆಯುವ ಮರಿಗಾಗಲಿ ರೋಗದ ನಾಯಿಗಾಗಲಿ ವೈದ್ಯರ ಸಲಹೆಯಿಲ್ಲದೆ ಇದನ್ನು ಮಾಡಬಾರದು. ವೈದ್ಯರು ಮಾಂಸಾಹಾರವೇ ಬೇಕೆಂದರೆ ಒಪ್ಪುವೆವೋ ಇಲ್ಲವೋ ಎಂಬುದನ್ನೂ ಮನೆಯವರೆಲ್ಲ ಮುಂಚಿತವಾಗಿ ನಿರ್ಧರಿಸಬೇಕು.

ನಮ್ಮ ಅಡಿಗೆಮನೆಯ ಕೆಲವು ಪದಾರ್ಥಗಳು ನಾಯಿಗೆ ವಿಷವೆಂಬುದು ಹಲವರಿಗೆ ತಿಳಿದಿಲ್ಲ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಅದರ ರಕ್ತಕಣಗಳನ್ನು ಒಡೆಯುತ್ತವೆ. ಸಾರು, ಪಲ್ಯ, ಚಟ್ನಿ ಯಾವುದನ್ನೂ ಅನ್ನಕ್ಕೆ ಕಲಸಿ ಹಾಕಬಾರದು. ದ್ರಾಕ್ಷಿ, ಒಣದ್ರಾಕ್ಷಿಗಳು ಮೂತ್ರಪಿಂಡವನ್ನು ಕೆಡಿಸುತ್ತವೆ; ಹಬ್ಬದ ಪಾಯಸ, ಸಜ್ಜಕ, ಪ್ರಸಾದದ ದೊನ್ನೆ ಇವುಗಳಲ್ಲಿ ಒಣದ್ರಾಕ್ಷಿ ಇದ್ದೇ ಇರುತ್ತದೆ. ಚಾಕೊಲೇಟೂ ವರ್ಜ್ಯ. ಪ್ರೀತಿಯಿಂದ ಕೊಟ್ಟ ತುತ್ತು ಪ್ರಾಣಕ್ಕೆ ಎರವಾಗಬಾರದು. ಮನೆಗೆ ಬರುವ ಅತಿಥಿಗಳಿಗೂ ಇದನ್ನು ತಿಳಿಸಬೇಕು. ದೀಪಾವಳಿಯ ಪಟಾಕಿಯ ಸದ್ದು ಅದರ ಸೂಕ್ಷ್ಮ ಕಿವಿಗೆ ದೊಡ್ಡ ಹಿಂಸೆ; ಆ ರಾತ್ರಿಗಳಲ್ಲಿ ನಮ್ಮಲ್ಲಿ ಒಬ್ಬರು ಒಳಕೋಣೆಯಲ್ಲಿ ಅದರೊಡನೆ ಕುಳಿತಿರುತ್ತಾರೆ.

ನಮ್ಮ ನಾಡಿನಲ್ಲಿ ಉಣ್ಣೆಗಳ ಕಾಟ ಬಹಳ. ಅವುಗಳಿಂದ ಹರಡುವ ಜ್ವರ ನಾಯಿಯ ಪ್ರಾಣವನ್ನೇ ತೆಗೆಯಬಲ್ಲದು, ಕಾರ್ಗಿಯ ದಟ್ಟ ತುಪ್ಪಳದಲ್ಲಿ ಅವು ಕಣ್ಣಿಗೆ ಬೀಳುವುದಿಲ್ಲ. ನಿತ್ಯ ಸಂಜೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕಂಕುಳಲ್ಲಿ ಬೆರಳಾಡಿಸಿ ನೋಡಬೇಕು. ಮರಿಗೆ ಆರೆಂಟು ವಾರಗಳಿಂದ ಆರಂಭವಾಗುವ ಲಸಿಕೆಗಳನ್ನೂ, ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆಯನ್ನೂ, ಮುಂದೆ ವೈದ್ಯರು ಹೇಳಿದ ಕಾಲಕ್ಕೆ ಮರುಲಸಿಕೆಗಳನ್ನೂ ತಪ್ಪಿಸಬಾರದು. ಯಾವ ನಾಯಿ ಕಚ್ಚಿದರೂ, ಮನೆಯದೇ ಆಗಿರಲಿ, ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು.

ಕೊಳ್ಳುವುದೇ ನಿಶ್ಚಯವಾದರೆ ಕಾನೂನನ್ನು ಅರಿತಿರಬೇಕು. 2017ರ ಕೇಂದ್ರ ನಿಯಮಗಳ ಪ್ರಕಾರ ನಾಯಿ ಸಂವರ್ಧನೆ ಮಾಡುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಲಸಿಕೆಯ ದಾಖಲೆ ಕೇಳಿ ಪಡೆಯಬೇಕು. ಮರಿಯನ್ನು ತಾಯಿಯೊಡನೆ, ಅದು ಹುಟ್ಟಿದ ಸ್ಥಳದಲ್ಲಿಯೇ ನೋಡಬೇಕು. ತಾಯಿಯನ್ನು ತೋರಿಸಲೊಲ್ಲದೆ ಬಸ್ ನಿಲ್ದಾಣಕ್ಕೆ ಮರಿ ತಂದುಕೊಡುತ್ತೇವೆನ್ನುವವರಿಂದ ದೂರವಿರಬೇಕು.

ಇನ್ನು ಗುಂಡ ನಮ್ಮ ಮನೆಗೆ ಬಂದ ಸಂಗತಿ. ಬೆಂಗಳೂರಿನಲ್ಲಿರುವ ನಮ್ಮ ಬಂಧುಗಳೊಬ್ಬರು ಮಗಳ ಹಟಕ್ಕೆ ಮಣಿದು ಅದನ್ನು ತಂದಿದ್ದರು. ಮಗಳು ಕಾಲೇಜಿಗೆಂದು ಬೇರೆ ಊರಿನ ವಸತಿಗೃಹ ಸೇರಿದಳು. ದಂಪತಿಗಳಿಬ್ಬರೂ ದುಡಿಯುವವರು. ನಾಯಿಯ ಭಾರವೆಲ್ಲ ಮಂಡಿನೋವಿನ ವೃದ್ಧ ತಾಯಿಯ ಪಾಲಿಗೆ ಬಂದಿತು. ಅವರಿಗೆ ಅದನ್ನು ನಡೆಸಲಾಗದು. ಅದರ ಒಂಟಿತನ ನೋಡಲಾರದೆ ತಿಂಡಿ ಹಾಕುವರು. ಒಂದು ಬೇಸಗೆಯಲ್ಲಿ ಅವರು ಪ್ರವಾಸ ಹೊರಟಾಗ ಎರಡು ತಿಂಗಳ ಮಟ್ಟಿಗೆಂದು ಗುಂಡನನ್ನು ನಮ್ಮಲ್ಲಿ ಬಿಟ್ಟರು. ಮರಳಿ ಬಂದವರು, ಅದನ್ನು ನೀವೇ ಇಟ್ಟುಕೊಳ್ಳಿ, ಇಲ್ಲವಾದರೆ ಯಾರಿಗಾದರೂ ಕೊಟ್ಟುಬಿಡುತ್ತೇವೆ ಎಂದರು. ಆಗ ಅದಕ್ಕೆ ನಾಲ್ಕು ವರ್ಷ, ನಮಗೆ ಅರವತ್ತಾರು.

ನಾವು ಕೂಡಲೇ ಉತ್ತರ ಕೊಡಲಿಲ್ಲ. ಒಂದು ವಾರದ ಸಮಯ ಕೇಳಿದೆವು. ಗುಂಡ ಇನ್ನೂ ಎಂಟು ಒಂಬತ್ತು ವರ್ಷ ಬಾಳೀತು. ಅಷ್ಟರಲ್ಲಿ ನಮ್ಮ ವಯಸ್ಸು ಎಪ್ಪತ್ತೈದು. ಅದರ ಹಿಂಗಾಲು ಸೋಲುವ ಹೊತ್ತಿಗೆ ಎತ್ತಿ ಹೊರಗೊಯ್ಯುವ ತೋಳು ನಮ್ಮದಾಗಿರುತ್ತದೆಯೇ? ನಮ್ಮ ಮಗ ಸೊಸೆಯರನ್ನು ಕೂರಿಸಿಕೊಂಡು ಈ ಪ್ರಶ್ನೆಯನ್ನೇ ಮುಂದಿಟ್ಟೆವು. "ನಿಮ್ಮಿಂದ ಆಗದ ದಿನ ಅದು ನಮ್ಮದು" ಎಂದು ಸೊಸೆ ಹೇಳಿದ ಮೇಲೆ, ಬೆಳಗಿನ ನಡಿಗೆ ಯಾರದು, ಬಾಚುವುದು ಯಾರದು, ಊರ ಜಾತ್ರೆಗೆ ಎಲ್ಲರೂ ಹೋದಾಗ ಉಳಿಯುವವರು ಯಾರು, ವೈದ್ಯರ ಖರ್ಚು ಯಾವ ಕೈಯಿಂದ ಎಂಬುದನ್ನೆಲ್ಲ ಹಾಳೆಯ ಮೇಲೆ ಬರೆದೆವು. ಆ ಹಾಳೆ ಇಂದಿಗೂ ಅಡಿಗೆಮನೆಯ ಬಾಗಿಲ ಹಿಂದೆ ಇದೆ. ಅದಾದ ಮೇಲೆಯೇ ಬಂಧುಗಳಿಗೆ ಒಪ್ಪಿಗೆ ತಿಳಿಸಿದೆವು. ಗುಂಡನಿಗೆ ಈಗ ಏಳು ವರ್ಷ. ಬೆಳಗಿನ ನಾಲ್ಕೂವರೆಗೆ ಅದು ನಮ್ಮ ಹಾಸಿಗೆಯ ಬಳಿ ನಿಂತು ಮೂಗಿನಿಂದ ಕೈ ತಟ್ಟುತ್ತದೆ. ದನವಿಲ್ಲದ ಮನೆಯಲ್ಲಿ ಮುದುಕರನ್ನು ಎಬ್ಬಿಸುವುದೇ ಅದಕ್ಕೆ ಕೆಲಸವಾಗಿದೆ.

ನಾಯಿಯ ಋಣವನ್ನು ಕನ್ನಡಿಗರು ಎಷ್ಟು ಗಂಭೀರವಾಗಿ ಎಣಿಸಿದ್ದರೆಂಬುದಕ್ಕೆ ಕಲ್ಲಿನ ಸಾಕ್ಷಿಯೇ ಇದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಶಾಸನದಲ್ಲಿ ಕಾಳಿ ಎಂಬ ಬೇಟೆನಾಯಿಯ ಕಥೆಯಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಏನು ಬೇಕೆಂದು ಗಂಗರ ಬೂತುಗ ಕೇಳಿದಾಗ, ಅವನು ಬೇಡಿದ್ದು ಆ ನಾಯಿಯನ್ನು. ಕಾಳಿ ಕಾಡುಹಂದಿಯೊಡನೆ ಹೋರಾಡಿ ತಾನೂ ಮಡಿಯಿತು. ಅದಕ್ಕಾಗಿ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ದತ್ತಿ ಬಿಟ್ಟು, ಆ ಕಲ್ಲಿಗೆ ಪೂಜೆ ತಪ್ಪದಂತೆ ಕಟ್ಟಳೆ ಮಾಡಿದರು. ಸತ್ತ ನಾಯಿಗೂ ಮಾತು ತಪ್ಪಬಾರದೆಂದ ನಾಡು ನಮ್ಮದು. ಬದುಕಿರುವ ನಾಯಿಗೆ ಮಾತು ತಪ್ಪಬಹುದೇ?

ಆದುದರಿಂದ ಕಾರ್ಗಿಯನ್ನು ತರುವ ಮುನ್ನ ಮನೆಯವರೆಲ್ಲ ಒಂದು ಸಂಜೆ ಒಟ್ಟಿಗೆ ಕೂರಲಿ. ಮಗುವಿನ ಹಟವನ್ನು ಕೇಳಲಿ. ಆದರೆ ಹೊಣೆಯನ್ನು ಹಿರಿಯರೊಬ್ಬರು ಹೆಸರು ಹೇಳಿ ಹೊರಲಿ. ಇಂದು ಹತ್ತು ವರ್ಷದ ಮಗು, ನಾಯಿಗೆ ಮುಪ್ಪಾಗುವ ಹೊತ್ತಿಗೆ ಇಪ್ಪತ್ತೆರಡರ ತರುಣನಾಗಿ ಎಲ್ಲಿರುವನೋ ಬಲ್ಲವರಾರು? ತಂಪು, ಸಮಯ, ಅಂಗಳ, ಹಣ, ಸಹನೆ ಇವುಗಳಲ್ಲಿ ಯಾವುದು ಕಡಿಮೆಯಿದೆಯೆಂದು ನೋಡಲಿ. ಕಡಿಮೆಯೆಂದು ಕಂಡರೆ ನಮ್ಮ ಬೀದಿಯಲ್ಲಿಯೇ ಹುಟ್ಟಿ, ನಮ್ಮ ಬಿಸಿಲಿಗೆ ಒಗ್ಗಿದ ನಾಡನಾಯಿಯ ಮರಿಗಳಿವೆ. ಅವುಗಳಿಗೂ ಮನೆ ಬೇಕು. ಅದೂ ಆಗದೆಂದರೆ ಬೇಡವೆನ್ನುವುದರಲ್ಲಿ ನಾಚಿಕೆಯೇನೂ ಇಲ್ಲ. ಎಲ್ಲವೂ ಇದೆಯೆಂದು ಕಂಡರೆ ಆ ಕುಳ್ಳನಾಯಿಯನ್ನು ಸಂತೋಷದಿಂದ ಬರಮಾಡಿಕೊಳ್ಳಿರಿ. ಬಾಗಿಲು ತೆರೆಯುವ ಮುನ್ನ ಜಮಖಾನೆಗಳನ್ನು ಹಾಸಿರಿ.